ಡಬ್ಬಣ್ಣನ ಕಾಲಿನ ಹಗ್ಗ

ನಮ್ಮ ಭಾವ ಬಡಗಿ. ಈಗ ಅವರಿಗೆ ಎಪ್ಪತ್ತೊಂದು. ಬೀದಿಯ ತುದಿಯಲ್ಲಿರುವ ಅವರ ಅಂಗಡಿಗೆ ಹೋಗಿ ಕಿಟಕಿ ಬೇಕೆಂದರೆ ಮಾಡಿಕೊಡುತ್ತಾರೆ, ಕಪಾಟು ಬೇಕೆಂದರೆ ಮಾಡಿಕೊಡುತ್ತಾರೆ, ಮುರಿದ ಕುರ್ಚಿಗೆ ಕಾಲು ಕೂರಿಸಿಕೊಡುತ್ತಾರೆ. ತೊಟ್ಟಿಲು ಮಾತ್ರ ಕೇಳಬಾರದು. ತೊಟ್ಟಿಲು, ಮಗು ಕೂರುವ ಎತ್ತರದ ಕುರ್ಚಿ, ತಳ್ಳಿಕೊಂಡು ನಡೆಯುವ ಮೂರು ಗಾಲಿಯ ಗಾಡಿ, ಇವುಗಳ ಹೆಸರೆತ್ತಿದರೆ ಸಾಕು, "ನನ್ನ ಕೈಲಿ ಆಗಲ್ಲ, ಬೇರೆ ಕಡೆ ನೋಡ್ಕೊಳ್ಳಿ" ಎಂದು ತಲೆ ತಗ್ಗಿಸಿ ಮತ್ತೆ ಕೀಸುಳಿ ಹಿಡಿಯುತ್ತಾರೆ. ಮುದುಕನಿಗೆ ಸೊಕ್ಕು ಎಂದುಕೊಂಡು ಗಿರಾಕಿಗಳು ಹೊರಟುಹೋಗುತ್ತಾರೆ. ಸೊಕ್ಕೂ ಅಲ್ಲ, ಮಣ್ಣೂ ಅಲ್ಲ. ಅದಕ್ಕೆ ಕಾರಣ ನಾನು. ಮೂವತ್ತೈದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊತ್ತು ಹೊತ್ತಿಗೆ ಉಂಡು ಓಡಾಡಿಕೊಂಡಿದ್ದೆ. ನನಗಿಂತ ಗಟ್ಟಿ ಹೊಟ್ಟೆಯವನು ಇನ್ನೊಬ್ಬನಿರಲಾರ.

ಎಲ್ಲ ಶುರುವಾದದ್ದು ಟೀವಿ ಕೇಂದ್ರದಲ್ಲಿ. ಭಾವ ಅಲ್ಲಿ ಸೆಟ್ಟು ಕಟ್ಟುವ ವಿಭಾಗದಲ್ಲಿದ್ದರು. ಅಕ್ಕನ ಕಾಟ ತಾಳಲಾರದೆ ಯಾರು ಯಾರದೋ ಕೈಕಾಲು ಹಿಡಿದು ನನ್ನನ್ನೂ ತಾತ್ಕಾಲಿಕ ಕೆಲಸಕ್ಕೆ ಸೇರಿಸಿದ್ದರು. ಆಗ ನನಗೆ ಇಪ್ಪತ್ತಾರು. ಅದೇ ವರ್ಷ ಕೇಂದ್ರಕ್ಕೆ ಹುಚ್ಚು ಹಿಡಿದು ಒಂದು ವಿಜ್ಞಾನದ ಧಾರಾವಾಹಿ ಮಾಡಲು ಹೊರಟಿತು. ಹೆಸರು 'ಆಕಾಶದಾಚೆ ಹದಿಮೂರು ದಿನ'. ದಿನಕ್ಕೊಂದು ಕಂತಿನಂತೆ ಹದಿಮೂರು ಕಂತು. ಒಂದು ಅಂತರಿಕ್ಷ ನೌಕೆ, ಅದರೊಳಗೆ ಐದು ಜನ, ಒಂದು ಯಂತ್ರಮಾನವ. ಖರ್ಚಿಗೆ ಕೊಟ್ಟದ್ದರಲ್ಲಿ ಒಂದು ಹಳ್ಳಿ ಶಾಲೆಯ ನಾಟಕ ಆಡಿಸಬಹುದಿತ್ತು, ಅದೂ ಪರದೆ ಬಾಡಿಗೆಗೆ ತಂದು.

ಭಾವ ಬೇಸರಪಟ್ಟುಕೊಳ್ಳಲಿಲ್ಲ. ಮೊಟ್ಟೆ ಇಡುವ ರಟ್ಟಿನ ಟ್ರೇಗಳನ್ನು ಸಾಲಾಗಿ ಹೊಡೆದು ಬೆಳ್ಳಿ ಬಣ್ಣ ಬಳಿದರು, ನೌಕೆಯ ಗೋಡೆಯಾಯಿತು. ಸೋಡಾ ಬಾಟಲಿಯ ಮುಚ್ಚಳಗಳು ಗುಂಡಿಗಳಾದವು. ಮುಚ್ಚಿಹೋದ ಕ್ಷೌರದಂಗಡಿಯ ಕುರ್ಚಿ ಕ್ಯಾಪ್ಟನ್ನಿನ ಆಸನವಾಯಿತು. ಹನ್ನೆರಡು ಅಡಿಯ ಒಂದೇ ಒಂದು ಓಣಿ. ನಟರು ಅದರಲ್ಲಿ ಆ ತುದಿಗೆ ಹೋಗಿ, ಕೋಟು ಬದಲಿಸಿಕೊಂಡು ಈ ತುದಿಗೆ ಬಂದರೆ ನೌಕೆ ಎಷ್ಟು ದೊಡ್ಡದು ಎಂದು ನೋಡುವವರು ಬೆರಗಾಗಬೇಕು. ಬಾಗಿಲು ತಾನಾಗಿ ಸರಿಯಬೇಕೆಂದು ಆಚೆ ಇನ್ನೊಬ್ಬ ಆಳು, ಈಚೆ ನಾನು ನಿಂತು ಎಳೆಯುತ್ತಿದ್ದೆವು, ಅವನು ಚುರುಕು, ನಾನು ಸೋಮಾರಿ, ಬಾಗಿಲು ಯಾವತ್ತೂ ಸೊಟ್ಟಗೇ ತೆರೆಯಿತು. ನಕ್ಷತ್ರಗಳೋ, ಕಪ್ಪು ಬಟ್ಟೆಗೆ ದಬ್ಬಳದಿಂದ ಚುಚ್ಚಿದ ತೂತುಗಳು. ಹಿಂದೆ ನಾಲ್ಕು ದೊಡ್ಡ ದೀಪ. ದೀಪವಿದ್ದ ಮೇಲೆ ಪತಂಗಗಳು ಬರದೆ ಇರುತ್ತವೆಯೇ? ಏಳನೇ ಕಂತಿನಲ್ಲಿ ನೌಕೆಯ ಕಿಟಕಿಯಾಚೆ, ಯಾವುದೋ ಗ್ರಹದ ಪಕ್ಕದಲ್ಲಿ, ಬೆರಳುದ್ದದ ಪತಂಗವೊಂದು ಆರಾಮಾಗಿ ನಡೆದುಹೋಯಿತು. ನಿರ್ದೇಶಕ ಎಲ್ಲರೆದುರು ನನ್ನ ಮೇಲೆ ಹರಿಹಾಯ್ದ. "ದೀಪದ ಹಿಂದೆ ಕೂತು ನೀನೇನು ನಿದ್ದೆ ಮಾಡ್ತೀಯಾ? ಇನ್ನೊಂದ್ಸಲ ಪತಂಗ ಕಂಡ್ರೆ ನಾಳೆಯಿಂದ ಬರಬೇಡ" ಎಂದ. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಇನ್ನು ಯಂತ್ರಮಾನವ. ಕಥೆಯಲ್ಲಿ ಅದಕ್ಕೇನೋ ಅಂಕಿಸಂಖ್ಯೆಯ ಹೆಸರಿತ್ತು, ನಾವು ಡಬ್ಬಣ್ಣ ಎಂದು ಕರೆಯುತ್ತಿದ್ದೆವು. ಎದೆಗೆ ತಗಡಿನ ಡ್ರಮ್ಮು, ತಲೆಗೆ ಬೋರಲು ಹಾಕಿದ ಅಲ್ಯೂಮಿನಿಯಂ ಪಾತ್ರೆ, ತೋಳಿಗೆ ಸುರುಳಿ ಪೈಪು, ಒಟ್ಟು ಮೂವತ್ತೆರಡು ಕಿಲೋ. ಸೆಟ್ಟಿನಲ್ಲಿ ಕೈಗೆ ಸಿಗುವ ಉದ್ದನೆಯ ಆಳು ತಾವೇ ಎಂದು ಭಾವ ತಮ್ಮ ಅಳತೆಗೇ ಅದನ್ನು ಮಾಡಿದ್ದರು. ಒಳಗೆ ಹೋಗಬೇಕಿದ್ದ ನಟ ಎರಡನೇ ದಿನ ಉಸಿರು ಕಟ್ಟುತ್ತದೆ ಎಂದು ಎದ್ದುಹೋದವನು ತಿರುಗಿ ಬರಲಿಲ್ಲ. "ಮೇಸ್ತ್ರಿ, ನೀವೇ ಒಳಗೆ ಹೋಗ್ಬಿಡಿ. ಮಾತೇನಿಲ್ಲ, ನಡೆದ್ರೆ ಸಾಕು" ಎಂದ ನಿರ್ದೇಶಕ. ಹೀಗೆ ಬಡಗಿ ನಟನಾದರು. ಪರದೆಯ ಮೇಲೆ ಹೆಸರು ಬರಲಿಲ್ಲ, ಅದಕ್ಕೆ ಅವರು ಬೇಜಾರೂ ಮಾಡಿಕೊಳ್ಳಲಿಲ್ಲ. ಸಂಜೆ ಮನೆಗೆ ಬರುವಾಗ ಬೀದಿಯ ಮಕ್ಕಳೆಲ್ಲ "ಡಬ್ಬಣ್ಣ ಬಂದ, ಡಬ್ಬಣ್ಣ ಬಂದ" ಎಂದು ಮುತ್ತಿಕೊಳ್ಳುತ್ತಿದ್ದವು. ಭಾವ ಎರಡೂ ತೋಳು ಸೆಟೆದು ಹಿಡಿದು, ತೋಳಿಗೆ ಎರಡೆರಡು ಮಕ್ಕಳನ್ನು ಜೋತಾಡಿಸಿಕೊಂಡು ಮನೆಯ ಬಾಗಿಲಿನವರೆಗೆ ನಡೆಯುತ್ತಿದ್ದರು. ಅಕ್ಕ ಒಳಗಿನಿಂದ, "ಸಾಕು ಇಳಿಸ್ರೀ, ಬೆನ್ನು ಹಿಡ್ಕೊಂಡೀತು" ಎಂದು ಗದರುತ್ತಿದ್ದಳು. ಆಗ ಅವಳಿಗೆ ಐದು ತಿಂಗಳು. ಇನ್ನು ನಾಲ್ಕು ತಿಂಗಳಲ್ಲಿ ಆ ತೋಳಿನಲ್ಲಿ ತನ್ನ ಮಗುವೇ ಇರುತ್ತದೆ ಎಂದು ಮುಖವೆಲ್ಲ ನಗುತ್ತಿತ್ತು.

ಡಬ್ಬಣ್ಣನಿಗೆ ಕಣ್ಣಿನ ಜಾಗದಲ್ಲಿ ಬೆರಳಗಲದ ಸೀಳು. ಎದುರಿಗೆ ದೂರದಲ್ಲಿರುವುದು ಕಾಣುತ್ತಿತ್ತು, ಹತ್ತಿರದ್ದು, ಕೆಳಗಿನದು ಏನೂ ಕಾಣುತ್ತಿರಲಿಲ್ಲ. ಕಿವಿಗೆ ತನ್ನ ಉಸಿರು ಬಿಟ್ಟರೆ ಬೇರೆ ಶಬ್ದವಿಲ್ಲ. ಅದಕ್ಕೆ ಭಾವನೇ ಒಂದು ಉಪಾಯ ಹುಡುಕಿದರು. ಬಲಪಾದದ ಮೇಲಿನ ಹರಡಿಗೆ ಒಂದು ತೆಳು ಹಗ್ಗ ಕಟ್ಟಿ, ಹಿಮ್ಮಡಿಯ ತೂತಿನಿಂದ ಹೊರಗೆ ಬಿಟ್ಟು, ಸೆಟ್ಟಿನ ಗೋಡೆಯ ಅಡಿಯಿಂದ ಹಿಂದಕ್ಕೆ ತಂದರು. ಒಂದು ಸಲ ಎಳೆದರೆ ನಡೆ, ಎರಡು ಸಲ ಎಳೆದರೆ ನಿಲ್ಲು. ಹಗ್ಗ ಯಾರ ಕೈಲಿರಬೇಕು ಎಂದು ಕೇಳಿದಾಗ ಭಾವ ಯೋಚನೆಯನ್ನೇ ಮಾಡಲಿಲ್ಲ. "ನಮ್ಮವನ ಕೈಲೇ ಇರಲಿ" ಎಂದು ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು. ನಾನು ನಕ್ಷತ್ರದ ಬಟ್ಟೆಯ ಹಿಂದೆ ಕೂತು, ಸಂದಿಯಲ್ಲಿ ನೋಡುತ್ತ ಹಗ್ಗ ಎಳೆಯುತ್ತಿದ್ದೆ. ಎಂಟು ಕಂತು ಒಂದೇ ಒಂದು ತಪ್ಪಾಗಲಿಲ್ಲ.

ಒಂಬತ್ತನೆಯದರಲ್ಲಿ ಕ್ಯಾಪ್ಟನ್ನಿನ ಮಗಳು, ಎಂಟು ವರ್ಷದ ಹುಡುಗಿ, ನೌಕೆಯ ಹೊರಬಾಗಿಲಿಗೆ ಬೆನ್ನು ಕೊಟ್ಟು ನಿಂತಿರುತ್ತಾಳೆ. ಡಬ್ಬಣ್ಣ ನಾಲ್ಕು ಹೆಜ್ಜೆ ನಡೆದು ತೋಳಳತೆಯಲ್ಲಿ ನಿಲ್ಲಬೇಕು. ಹುಡುಗಿ ಅದರ ಎದೆಯ ಮೇಲೆ ಕೈಯಿಟ್ಟು ಒಂದು ಮಾತಾಡಬೇಕು. ಟೇಪು ಅಂದೇ ಕಳಿಸಬೇಕಿತ್ತು, ಎರಡನೇ ಸಲ ತೆಗೆಯಲು ಹೊತ್ತಿರಲಿಲ್ಲ. ನಾನು ಒಂದು ಸಲ ಎಳೆದೆ. ಭಾವ ಹೊರಟರು. ಒಂದು, ಎರಡು ಎಂದು ಎಣಿಸುತ್ತಿದ್ದೆ. ಅಷ್ಟರಲ್ಲಿ ಬಟ್ಟೆಯ ಮೇಲೆ, ಕಿಟಕಿಯ ನೇರಕ್ಕೆ, ಒಂದು ಪತಂಗ ಬಂದು ಕೂತಿತು. ನನಗೆ ನಿರ್ದೇಶಕನ ಮುಖ ಕಣ್ಣೆದುರು ಬಂತು. ಹಗ್ಗ ಕೈಬಿಟ್ಟು, ಎದ್ದು, ಅಂಗೈಯಿಂದ ಪತಂಗವನ್ನು ಸವರಿ ಆಚೆ ಹಾಕಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಕೂತು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಹುಡುಗಿ ಕಿರುಚಿದಳು.

ಡಬ್ಬಣ್ಣನಿಗೂ ಬಾಗಿಲಿನ ಕಬ್ಬಿಣದ ಪಟ್ಟಿಗೂ ನಡುವೆ ಅವಳ ಬಲಗೈ ಸಿಕ್ಕಿತ್ತು. ಎಲ್ಲರೂ ಕೂಗುತ್ತಿದ್ದರು. ಪಾತ್ರೆಯ ಒಳಗಿದ್ದ ಭಾವ ಅದು ಯಾವುದೂ ಕೇಳಿಸದೆ, ನಿಲ್ಲು ಎನ್ನುವ ಹಗ್ಗಕ್ಕಾಗಿ ಕಾಯುತ್ತ, ಇನ್ನೂ ಅರ್ಧ ಹೆಜ್ಜೆ ಮುಂದಿಟ್ಟರು.

ಹುಡುಗಿಯ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಆಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತಳು, ಬೇರೆ ಊರಿನಲ್ಲಿ ಟೀಚರ್ ಆದಳು ಎಂದು ಕೇಳಿದ್ದೇವೆ. ಭಾವ ದಿನಾ ಆಸ್ಪತ್ರೆಗೆ ಹೋಗಿ ವಾರ್ಡಿನ ಹೊರಗೆ ನಿಂತಿರುತ್ತಿದ್ದರು. ಕೊನೆಗೆ ಹುಡುಗಿಯ ಅಪ್ಪ ಬಂದು, "ನೀವು ಬರ್ಬೇಡಿ, ನಿಮ್ಮನ್ನ ನೋಡಿದ್ರೆ ಮಗು ಹೆದರುತ್ತೆ" ಎಂದ ಮೇಲೆ ನಿಲ್ಲಿಸಿದರು.

ಕೇಂದ್ರದಲ್ಲಿ ವಿಚಾರಣೆಯಾಯಿತು. ಉದ್ದನೆ ಮೇಜು, ಮೂವರು ಅಧಿಕಾರಿಗಳು. ಮೊದಲು ನನ್ನನ್ನು ಕರೆದರು. "ನಿಲ್ಲು ಅಂತ ಹಗ್ಗ ಎಳೆದೆಯಾ?" "ಎಳೆದೆ ಸಾರ್. ಎರಡೂ ಕೈಲಿ ಎರಡು ಸಲ ಎಳೆದೆ" ಎಂದೆ. ಬಾಯಿಗೆ ಅದು ಹೇಗೆ ಬಂತೋ ಗೊತ್ತಿಲ್ಲ. ಬಂದದ್ದಂತೂ ತಡವರಿಸದೆ ಬಂತು. ಆಮೇಲೆ ಭಾವನನ್ನು ಕರೆದು ನಾನು ಹೇಳಿದ್ದನ್ನು ಓದಿ ಹೇಳಿದರು. ಭಾವ, "ಅವನು ಎಳೆದೆ ಅಂದ್ರೆ ಎಳೆದಿರ್ತಾನೆ ಸಾರ್. ಆ ಭಾರಕ್ಕೆ ನನ್ನ ಕಾಲು ಮರಗಟ್ಟಿತ್ತೋ ಏನೋ, ನಂಗೆ ಗೊತ್ತಾಗ್ಲಿಲ್ಲ. ತಪ್ಪು ನಂದೇ" ಎಂದರಂತೆ. ಇಬ್ಬರ ಮಾತೂ ಕೂಡಿಬಂದ ಮೇಲೆ ಟೇಪು ಹಾಕಿ ನೋಡೋಣವೆಂದು ಯಾರಿಗೂ ಹೊಳೆಯಲಿಲ್ಲ.

ನಾನು ನೋಡಿದ್ದೆ. ಸಂಕಲನದ ಕೋಣೆಗೆ ಟೇಪಿನ ಡಬ್ಬಿ ತಲುಪಿಸಲು ಹೋದವನು ಅಲ್ಲಿನ ಪರದೆಯಲ್ಲಿ ನೋಡಿದ್ದೆ. ಕೆಳಗಿನ ಅಂಚಿನಲ್ಲಿ ನೆಲದ ಮೇಲೆ ಸಡಿಲವಾಗಿ ಬಿದ್ದ ಹಗ್ಗ. ಮೇಲಿನ ಅಂಚಿನಲ್ಲಿ, ಕಿಟಕಿಯಾಚೆಯ ನಕ್ಷತ್ರಗಳ ನಡುವೆ, ಸರ್ರನೆ ಸವರಿ ಮಾಯವಾಗುವ ಒಂದು ಕೈಯ ನೆರಳು. ಆಗಿನ ಟೀವಿ ಪೆಟ್ಟಿಗೆಗಳು ಚಿತ್ರದ ನಾಲ್ಕೂ ಅಂಚನ್ನು ಒಂದಿಷ್ಟು ನುಂಗಿಹಾಕುತ್ತಿದ್ದವು, ಹಾಗಾಗಿ ಮನೆಗಳಲ್ಲಿ ಯಾರಿಗೂ ಅದು ಕಾಣಲಿಲ್ಲ. ಕಿರುಚಾಟ ಮಾತ್ರ ಕೇಳಿಸಿತು. ಹೌದು, ನಿರ್ದೇಶಕ ಅದನ್ನು ಉಳಿಸಿಕೊಂಡ. ಕಿರುಚಿದ ಮರುಕ್ಷಣವೇ ದೃಶ್ಯ ಕತ್ತರಿಸಿದ. ಬಾಲನಟಿಯ ಅಭಿನಯ ಮೈ ನವಿರೇಳಿಸುವಂತಿದೆ ಎಂದು ಪತ್ರಿಕೆಯಲ್ಲಿ ಯಾರೋ ಪುಣ್ಯಾತ್ಮ ಬರೆದ. ಭಾವ ಆ ಹಾಳೆಯನ್ನು ಮಡಚಿ ಒಲೆಯ ಹತ್ತಿರ ಇಟ್ಟು ಅಂಗಳಕ್ಕೆ ಹೋಗಿ ಕೂತರು.

ಅಪಘಾತವಾದ ದಿನವೇ ಅಡುಗೆಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದ್ದೆ. ಅವಳು ಕೈಯಲ್ಲಿದ್ದ ಲೋಟವನ್ನು ಮೂರು ಸಲ ತೊಳೆದಳು. "ನಿನ್ನ ಕೆಲಸ ಖಾಯಂ ಆಗಲಿ. ಆಮೇಲೆ ನಾನೇ ಅವರಿಗೆ ಹೇಳ್ತೀನಿ. ಅಲ್ಲೀವರೆಗೆ ಬಾಯಿ ಬಿಡ್ಬೇಡ" ಎಂದಳು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಎರಡು ವರ್ಷಕ್ಕೆ ಕೆಲಸ ಖಾಯಂ ಆಯಿತು. ಅಷ್ಟರಲ್ಲಿ ಹೇಳುವುದು ಇನ್ನೂ ಕಷ್ಟವಾಗಿತ್ತು. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಗಂಡ ಕೇಳಿದರೆ ಏನು ಹೇಳುತ್ತಾಳೆ? ಇಂದು ನಾಳೆ ಎಂದು ತಳ್ಳುತ್ತ ತಳ್ಳುತ್ತ ವರ್ಷಗಳೇ ಕಳೆದವು. ಆರು ವರ್ಷದ ಹಿಂದೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನನ್ನ ಮಣಿಕಟ್ಟು ಹಿಡಿದು, "ನನ್ನಿಂದ ಆಗ್ಲಿಲ್ಲ ಕಣೋ. ನೀನಾದ್ರೂ ಹೇಳ್ಬಿಡು" ಎಂದಳು. ಹೂಂ ಎಂದೆ. ಹೂಂ ಅನ್ನುವುದಕ್ಕೆ ಏನು ಕಷ್ಟ?

ಇತ್ತ ಭಾವ ಮತ್ತೆ ಡಬ್ಬಣ್ಣನೊಳಗೆ ಹೋಗಲಿಲ್ಲ. ಉಳಿದ ನಾಲ್ಕು ಕಂತಿನಲ್ಲಿ ಶಕ್ತಿ ತೀರಿಹೋಗಿದೆ ಎಂದು ಡಬ್ಬಣ್ಣನನ್ನು ಖಾಲಿ ಮೈಯಲ್ಲಿ ಮೂಲೆಗೆ ಒರಗಿಸಿಟ್ಟರು. ಭಾವ ಆ ವರ್ಷವೇ ಕೇಂದ್ರ ಬಿಟ್ಟು ಅಂಗಡಿ ಹಾಕಿದರು. ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಬಲಗಾಲನ್ನು ಹಲಗೆಯ ಮೇಲಿಟ್ಟು, ಉಳಿಯ ಹಿಡಿಯಿಂದ ಹರಡಿನ ಮೇಲೆ ಎರಡು ಸಲ ತಟ್ಟಿ ನೋಡಿಕೊಳ್ಳುತ್ತಿದ್ದರು. ನೋವು ಗೊತ್ತಾದರೆ ಕೆಲಸ ಶುರು. ನೋಡಿದವರು ಅದೇನೋ ಪೂಜೆ ಎಂದುಕೊಂಡರು. ನಾನೊಬ್ಬನೇ ಅಂಗಡಿಗೆ ಬೆಳಿಗ್ಗೆ ಹೊತ್ತು ಕಾಲಿಡುತ್ತಿರಲಿಲ್ಲ.

ಮಗಳು ಹುಟ್ಟಿದಳು. ಪುಟ್ಟಿ ಎಂದು ಕರೆದೆವು, ಈಗ ಮೂವತ್ತನಾಲ್ಕಾದರೂ ಪುಟ್ಟಿಯೇ. ಭಾವ ಅವಳನ್ನು ಎತ್ತಿಕೊಳ್ಳಲಿಲ್ಲ. ಒಂದು ದಿನವೂ. ಹತ್ತಿರ ಕೂತು ನೋಡುತ್ತಿದ್ದರು, ಚಾಪೆಯ ಮೇಲಿದ್ದರೆ ನೊಣ ಓಡಿಸುತ್ತಿದ್ದರು, ಅತ್ತರೆ ಅಕ್ಕನನ್ನು ಕೂಗುತ್ತಿದ್ದರು. ಅಕ್ಕ ಮಗುವನ್ನು ತಂದು ಅವರ ಎದುರಿಗೆ ಹಿಡಿದು, "ಎತ್ಕೊಳ್ರೀ, ಏನೂ ಆಗಲ್ಲ" ಎಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. "ಏನೂ ಆಗಲ್ಲಾ ಅಂದ್ನಲ್ಲ, ನಾನು ಹೇಳ್ತಿದೀನಲ್ಲ" ಎಂದು ಅವಳು ಅಳುವ ಮಟ್ಟಕ್ಕೆ ಹೋಗುತ್ತಿದ್ದಳು. ಆಗಲೂ ಹೇಳಬೇಕಾದ್ದನ್ನು ಹೇಳುತ್ತಿರಲಿಲ್ಲ. ಹಾಗಾಗಿ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ್ದು ಸೋದರಮಾವನಾದ ನಾನು. ಆಲ್ಬಮ್ಮಿನ ಎಲ್ಲ ಫೋಟೋಗಳಲ್ಲೂ ಪುಟ್ಟಿ ನನ್ನ ಕತ್ತಿನ ಮೇಲಿದ್ದಾಳೆ, ಪಕ್ಕದಲ್ಲಿ ಭಾವ ಕೈ ಹಿಂದೆ ಕಟ್ಟಿ ನಿಂತಿದ್ದಾರೆ. ಏಳು ವರ್ಷದವಳಿದ್ದಾಗ ಒಂದು ದಿನ ಕೇಳಿದಳು: "ಮಾವ, ಅಪ್ಪಂಗೆ ನಾನು ಬೇಡವಾಗಿದ್ನಾ?" "ಛೆ ಛೆ. ಅವರಿಗೆ ಬೆನ್ನು ನೋವು ಕಣೇ" ಎಂದೆ. ಸುಳ್ಳಿನಲ್ಲಿ ಅಷ್ಟು ಹೊತ್ತಿಗೆ ನನ್ನ ಕೈ ಚೆನ್ನಾಗಿ ಪಳಗಿತ್ತು.

ನಾನು ಹೋದ ವರ್ಷ ನಿವೃತ್ತನಾದೆ. ಈ ವರ್ಷ ಕೇಂದ್ರದವರಿಗೆ ಹಳೆಯ ಟೇಪುಗಳ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿ, ಎಲ್ಲವನ್ನೂ ತೊಳೆದು ಬೆಳಗಿ ಇಂಟರ್ನೆಟ್ಟಿಗೆ ಹಾಕತೊಡಗಿದರು. 'ಆಕಾಶದಾಚೆ' ಕೂಡ ಹತ್ತಿಬಿಟ್ಟಿತು. ಆಗ ಹುಟ್ಟೇ ಇರದಿದ್ದ ಹುಡುಗರೆಲ್ಲ ಅದನ್ನು ನೋಡಿ, ಮೊಟ್ಟೆ ಟ್ರೇ ಎಣಿಸಿ, ಸೊಟ್ಟ ಬಾಗಿಲಿಗೆ ಹಾಡು ಜೋಡಿಸಿ ಕುಣಿಯುತ್ತಿದ್ದಾರೆ. ನಗಲಿ ಬಿಡಿ, ಅವರಪ್ಪನ ಗಂಟೇನು ಹೋಗಬೇಕು? ಆದರೆ ಒಂಬತ್ತನೇ ಕಂತಿಗೆ ಅವರು ಇಟ್ಟ ಹೆಸರು 'ಅಂತರಿಕ್ಷದ ಕೈ'. ಹೊಸ ಪರದೆಗಳು ಅಂಚು ನುಂಗುವುದಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಭಾವ ಕಾಲಿನ ಊತಕ್ಕೆಂದು ಡಾಕ್ಟರ ಹತ್ತಿರ ಹೋಗಿದ್ದರು. ಈ ಕಾಲು ಹಿಂದೊಮ್ಮೆ ಮರಗಟ್ಟಿತ್ತು ಎಂದು ಭಾವ ಹೇಳಿದ್ದಕ್ಕೆ ಡಾಕ್ಟರು ಸೂಜಿ ಚುಚ್ಚಿ, ಸುತ್ತಿಗೆಯಿಂದ ಕುಟ್ಟಿ, ಯಂತ್ರ ಹಚ್ಚಿ ನೋಡಿ, "ಊತ ಉಪ್ಪು ಕಮ್ಮಿ ಮಾಡಿದ್ರೆ ಹೋಗುತ್ತೆ. ನಿಮ್ಮ ಕಾಲಿನ ನರ ಮಾತ್ರ ಇಪ್ಪತ್ತರ ಹುಡುಗನ ಹಾಗಿದೆ. ಯಾವತ್ತೂ ಮರಗಟ್ಟಿದ ಕಾಲೇ ಅಲ್ಲ ಇದು" ಎಂದರಂತೆ. ಭಾವ ಮನೆಗೆ ಬಂದು ಎರಡು ದಿನ ಅಂಗಡಿ ತೆಗೆಯಲಿಲ್ಲ. ಮೂರನೇ ದಿನ ಮಗಳಿಗೆ, "ಆ ಒಂಬತ್ತನೇದು ಹಾಕು, ನೋಡ್ಬೇಕು" ಎಂದರು. ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಅದರ ಕಡೆ ತಿರುಗದವರು.

ಪುಟ್ಟಿ ನನಗೆ ಫೋನು ಮಾಡಿದಳು. "ಭಾನುವಾರ ಬೆಳಿಗ್ಗೆ ಬಾ ಮಾವ. ಅಪ್ಪ ನೀನೂ ಇರ್ಬೇಕಂತೆ."

"ಆ ಕಂತು ಸಿಗಲ್ಲ ಕಣೇ, ಟೇಪೇ ಹಾಳಾಗಿದೆ" ಎಂದೆ.

"ಏನ್ ಮಾತಾಡ್ತೀಯಾ, ಎಲ್ಲಕ್ಕಿಂತ ಜಾಸ್ತಿ ಜನ ನೋಡಿರೋದೇ ಅದು."

ಹೋದೆ. ಕರೆಂಟು ಹೋಗಲಿ ಎಂದು ಹಾರೈಸುತ್ತಲೇ ಹೋದೆ. ಬೇಡದ ದಿನ ನಾಲ್ಕು ಸಲ ಹೋಗುವ ಕರೆಂಟು ಅಂದು ಗಟ್ಟಿಯಾಗಿ ನಿಂತಿತ್ತು. ನಡುಮನೆಯಲ್ಲಿ ಭಾವ ಸ್ನಾನ ಮಾಡಿ, ಒಗೆದ ಅಂಗಿ ಹಾಕಿ, ಟೀವಿಗೆ ಮೂರಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪುಟ್ಟಿ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು. ಅಪ್ಪನಿಗೆ ಅಂದು ಹೊಸ ಕನ್ನಡಕವನ್ನೂ ತಂದಿದ್ದಳು. "ಕೂತ್ಕೋ" ಎಂದು ಭಾವ ಪಕ್ಕದ ಕುರ್ಚಿ ತೋರಿಸಿದರು.

ನೌಕೆ ಬಂತು, ಓಣಿ ಬಂತು. ಬಾಗಿಲು ಸೊಟ್ಟಗೆ ತೆರೆದಾಗ ಭಾವನ ತುಟಿ ಸ್ವಲ್ಪ ಅರಳಿತು. "ನೀನು ಎಳೆದಿದ್ದು" ಎಂದರು. ಆಮೇಲೆ ಹುಡುಗಿ ಬಂದು ಬಾಗಿಲಿಗೆ ಒರಗಿ ನಿಂತಳು. ಭಾವನ ಎರಡೂ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡವು. ಡಬ್ಬಣ್ಣ ಹೊರಟ. ಒಂದು, ಎರಡು. ಕಿಟಕಿಯಾಚೆ ಕೈಯೊಂದು ಸರ್ರನೆ ಹಾದುಹೋಯಿತು. ಮೂರು, ನಾಲ್ಕು, ಐದು. ಕಿರುಚಾಟ ಕೇಳುವ ಮೊದಲೇ ಪುಟ್ಟಿ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತಂದಳು.

"ಇಲ್ನೋಡಪ್ಪ, ಇದೇ ಆ ಕೈ. ಜನ ನಗ್ತಿರೋದು ಇದಕ್ಕೇ."

ಭಾವ ಕೈಯನ್ನು ನೋಡುತ್ತಿರಲಿಲ್ಲ. ಎದ್ದು ಹೋಗಿ, ಬಗ್ಗಿ, ಪರದೆಯ ಕೆಳಗಿನ ಅಂಚಿನಲ್ಲಿ ತಮ್ಮ ಕಾಲನ್ನು ನೋಡುತ್ತಿದ್ದರು. "ಇನ್ನೊಂದ್ಸಲ ಹಾಕು" ಎಂದರು. ಹಾಕಿದಳು. "ಇನ್ನೊಂದ್ಸಲ." ಮೂರನೇ ಸಲ ಮುಗಿದ ಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅದೇ ನನ್ನನ್ನು ಕೊಂದದ್ದು. ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿದರು: "ಹಗ್ಗ ನೆಲದ ಮೇಲೇ ಬಿದ್ದಿದೆಯಲ್ಲೋ. ಎಳೆದ್ರೆ ಬಿಗಿಯಾಗ್ಬೇಕಲ್ವಾ?"

ಸುಳ್ಳು ಬೇಕಿದ್ದರೆ ಆಗಲೂ ಸಿಗುತ್ತಿತ್ತು. ಹಗ್ಗ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು ಎಂದರೆ ಭಾವ ನಂಬುತ್ತಿದ್ದರು. ಆದರೆ ಅವರು ನಂಬುತ್ತಾರೆ ಅನ್ನುವುದನ್ನೇ ನನ್ನಿಂದ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಎಳೀಲಿಲ್ಲ ಭಾವ."

"ಏನು?"

"ನಾನು ಎಳೀಲೇ ಇಲ್ಲ. ಆ ಕೈ ನಂದು. ಪತಂಗ ಕೂತಿತ್ತು, ಓಡಿಸೋಕೆ ಅಂತ ಹಗ್ಗ ಬಿಟ್ಟೆ. ವಿಚಾರಣೆಯಲ್ಲಿ ಸುಳ್ಳು ಹೇಳ್ದೆ. ಕೆಲಸ ಹೋಗುತ್ತೆ ಅಂತ ಹೆದರಿ ಹೇಳ್ದೆ."

ಬೈಯುತ್ತಾರೆ, ಎರಡೇಟು ಹಾಕುತ್ತಾರೆ ಎಂದುಕೊಂಡಿದ್ದೆ. ಹಾಕಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿಗೆ ವಾಪಸು ಬಂದು ಕೂತು, ಬಲಗಾಲನ್ನು ಎಡ ಮೊಣಕಾಲ ಮೇಲಿಟ್ಟುಕೊಂಡು, ಬೆರಳಿನಿಂದ ಹರಡಿನ ಮೇಲೆ ಎರಡು ಸಲ ತಟ್ಟಿದರು.

"ಹಾಗಾದ್ರೆ ಕಾಲು ಸರಿಯಾಗೇ ಇತ್ತು."

"ಸರಿಯಾಗೇ ಇತ್ತು ಭಾವ."

"ನಿನ್ನ ಕೆಲಸ ಹೋಗಿದ್ರೆ ಇನ್ನೊಂದು ಕೊಡಿಸ್ತಿದ್ನಲ್ಲೋ" ಎಂದರು. ದನಿ ಏರಲಿಲ್ಲ. "ಅದೇನು ಮಹಾ ಕೆಲಸ. ಇನ್ನೊಂದು ಕೊಡಿಸ್ತಿದ್ದೆ."

ಆಗ ಪುಟ್ಟಿಯ ದನಿ ಕೇಳಿತು. "ಬೆನ್ನು ನೋವು ಅಂದಿದ್ಯಲ್ಲ ಮಾವ."

"ಯಾರಿಗೆ ಬೆನ್ನು ನೋವು?" ಎಂದರು ಭಾವ.

"ನಿಂಗೆ. ಅಪ್ಪ ಯಾಕೆ ನನ್ನ ಎತ್ಕೊಳ್ಳಲ್ಲ ಅಂತ ಕೇಳಿದ್ದಕ್ಕೆ ಮಾವ ಹಾಗಂದ. ನಾನು ನಂಬಲಿಲ್ಲ. ಹೆಣ್ಣು ಅಂತ ಬೇಜಾರು ನಿಂಗೆ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೇವರೆಗೂ ಹಾಗೇ ಅಂದ್ಕೊಂಡಿದ್ದೆ."

ಭಾವ ಮಗಳನ್ನೇ ನೋಡುತ್ತಿದ್ದರು. ಅವರ ಮನಸ್ಸು ಹಿಂದೆ ಹಿಂದೆ ಹೋಗುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನನಗೆ ಅರ್ಥವಾದಾಗ ಅದನ್ನು ತಡೆಯುವ ದಾರಿ ತಿಳಿಯಲಿಲ್ಲ. ಅವರು ನಿಧಾನಕ್ಕೆ ಕೇಳಿದರು: "ನಿಮ್ಮಕ್ಕಂಗೆ ಗೊತ್ತಿತ್ತಾ?"

ಗೋಡೆಯ ಮೇಲೆ ಅಕ್ಕನ ಫೋಟೋ ಇತ್ತು. ಪುಟ್ಟಿ ಅದರ ಕೆಳಗೇ ನಿಂತಿದ್ದಳು. ಅವಳಿಗೆ ಅಮ್ಮನನ್ನೂ ಇಲ್ಲದ ಹಾಗೆ ಮಾಡಲಾರದೆ, "ಇಲ್ಲ ಭಾವ, ಪಾಪ, ಅವಳಿಗೇನೂ ಗೊತ್ತಿರ್ಲಿಲ್ಲ" ಎಂದುಬಿಟ್ಟೆ. ನಿಜ ಹೇಳಿ ಐದು ನಿಮಿಷವಾಗಿರಲಿಲ್ಲ.

"ಗೊತ್ತಿತ್ತು" ಎಂದರು ಭಾವ. "ಎತ್ಕೊಳ್ರೀ, ಏನೂ ಆಗಲ್ಲ, ನಾನು ಹೇಳ್ತಿದೀನಲ್ಲ ಅಂತಿದ್ಲು. ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತಾಳೆ ಇವಳು ಅಂತ ನಾನು ಅಂದ್ಕೊಳ್ತಿದ್ದೆ. ನನ್ನ ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೊಂಡೆ." ಫೋಟೋದ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದರು. "ಗೊತ್ತಿತ್ತು ಅವಳಿಗೆ."

ಪರದೆಯ ಮೇಲೆ ಡಬ್ಬಣ್ಣ ಒಂದು ಕಾಲು ಎತ್ತಿ ಹಾಗೇ ನಿಂತಿದ್ದ. ಪುಟ್ಟಿ ಬಂದು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಎತ್ತರದ ಹೆಂಗಸು, ಕಿವಿಯ ಹತ್ತಿರ ಆಗಲೇ ನಾಲ್ಕು ಬಿಳಿ ಕೂದಲು. ಭಾವ ಕೈಯನ್ನು ಅವಳ ತಲೆಯ ತನಕ ತಂದು, ಇಡಬಹುದೋ ಬಾರದೋ ಎಂದು ತಿಳಿಯದವರ ಹಾಗೆ ಒಂದು ಕ್ಷಣ ಹಿಡಿದು, ಆಮೇಲೆ ಇಟ್ಟರು.

ತುಂಬ ಹೊತ್ತಿನ ಮೇಲೆ ನನ್ನನ್ನು ಕರೆದರು.

"ಲೋ."

"ಹೇಳಿ ಭಾವ."

"ನೀನು ಹೊತ್ಕೊಂಡು ತಿರುಗಿದ್ಯಲ್ಲ ಇವಳನ್ನ. ಎಷ್ಟು ಭಾರ ಇದ್ಲೋ?"

ಅಷ್ಟು ವರ್ಷ ನನ್ನ ಹೆಗಲು ಅವರ ಹೆಗಲ ಜಾಗದಲ್ಲಿತ್ತು ಎಂದು ಆಗ ನನಗೆ ಪೂರ್ತಿಯಾಗಿ ತಿಳಿಯಿತು. ಅಳು ಒತ್ತರಿಸಿ ಬಂತು, ಆದರೆ ಅಳುವ ಹಕ್ಕು ಅಲ್ಲಿ ನನ್ನದಾಗಿರಲಿಲ್ಲ. "ಎಚ್ಚರ ಇದ್ದಾಗ ಹಗುರ ಭಾವ" ಎಂದೆ. "ನಿದ್ದೆ ಬಂದ್ರೆ ಭಾರ ಆಗ್ತಿದ್ಲು. ಎಡ ಹೆಗಲಿಗೇ ಆಗ್ಬೇಕಿತ್ತು ಅವಳಿಗೆ. ಬಲಕ್ಕೆ ಹಾಕ್ಕೊಂಡ್ರೆ ಎದ್ದುಬಿಡ್ತಿದ್ಲು."

ಭಾವ ಇನ್ನೊಂದು ಕೈಯನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು ಕೇಳುತ್ತಿದ್ದರು.

"ಇನ್ನೂ ಹೇಳು" ಎಂದರು.